ಪ್ರೋಬಿನ ಮೇಲಿಲ್ಲದ ಕುಂಕುಮ

ಆಯುಧಪೂಜೆಯ ಮರುದಿನ ಬೆಳಿಗ್ಗೆ, ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಯಲಬುರ್ಗಾದ ಮುದುಕವ್ವನ ಕುತ್ತಿಗೆಯ ಬಲಬದಿ ಬದನೆಕಾಯಿಯಷ್ಟು ಊದಿಕೊಂಡಿತ್ತು. ಕುತ್ತಿಗೆಯ ಅಭಿಧಮನಿಗೆ ಔಷಧದ ನಳಿಕೆ ಹಾಕಲು ಹೋದ ಡಾಕ್ಟರ್ ಗವಿಸಿದ್ದೇಶನ ಸೂಜಿ, ಪಕ್ಕದ ಅಪಧಮನಿಗೆ ಚುಚ್ಚಿತ್ತು. ಸಿಸ್ಟರ್ ಸುನಿತಾ ಅರ್ಧ ಗಂಟೆ ಒತ್ತಿ ಹಿಡಿದ ಮೇಲೆ ರಕ್ತ ನಿಂತು ಮುದುಕಿಯ ಜೀವ ಉಳಿಯಿತು. ಅಲ್ಟ್ರಾಸೌಂಡ್ ಯಂತ್ರವೇ ಕೆಟ್ಟಿತ್ತು ಎಂದ ಗವಿಸಿದ್ದೇಶ. ಯಂತ್ರ ನೋಡಿಕೊಳ್ಳುವ ಯಂಕೋಬನನ್ನು ಸಂಜೆಯೊಳಗೆ ಕೆಲಸದಿಂದ ತೆಗೆಯುವುದೆಂದು ತೀರ್ಮಾನವಾಯಿತು.

ಯಂಕೋಬ ನೇರ ಅರಿವಳಿಕೆ ವೈದ್ಯ ದೇವೇಂದ್ರಪ್ಪನವರ ಬಳಿ ಬಂದ. ಆಸ್ಪತ್ರೆಯ ಒಗಟುಗಳೆಲ್ಲ ಬಿಡಿಸಿಕೊಳ್ಳಲು ಬರುತ್ತಿದ್ದುದು ಅವರ ಹತ್ತಿರವೇ. ಹನ್ನೆರಡು ವರ್ಷ ಅವರ ಪ್ರತಿ ಪತ್ತೇದಾರಿಕೆಗೂ ಜೊತೆಯಾಗಿದ್ದ ಸುನಿತಾ ಇಂದು ಯಾಕೋ ಹಿಂದೆ ಹಿಂದೆ ಸರಿಯುತ್ತಿದ್ದಳು.

"ಯಂತ್ರ ಛಲೋ ಐತ್ರಿ ಸಾಹೇಬ್ರ. ನಿನ್ನೆ ನಾನ ನೋಡೀನಿ," ಎಂದ ಯಂಕೋಬ.

ದೇವೇಂದ್ರಪ್ಪನವರು ಯಂತ್ರದ ಚರ್ಮಕ್ಕೊತ್ತುವ ಭಾಗವಾದ ಪ್ರೋಬನ್ನು ತಮ್ಮ ಕುತ್ತಿಗೆಗೇ ಹಿಡಿದು ಒತ್ತಿದರು. ಪರದೆಯ ಮೇಲೆ ಅಭಿಧಮನಿ ಚಪ್ಪಟೆಯಾಯಿತು, ಅಪಧಮನಿ ಮಿಡಿಯುತ್ತ ದುಂಡಗೇ ಉಳಿಯಿತು. ಯಂತ್ರದಲ್ಲಿ ದೋಷವಿರಲಿಲ್ಲ. ಬೆಳಿಗ್ಗೆ ಯಂತ್ರದಲ್ಲಿ ಉಳಿಸಿಟ್ಟ ಮುದುಕವ್ವನ ಚಿತ್ರ ತೆಗೆದು ನೋಡಿ, "ಎಡಕ್ಕ ಇರಬೇಕಾದ ಅಪಧಮನಿ ಬಲಕ್ಕ ಕಾಣಸ್ತೈತಿ" ಎಂದು ಗೊಣಗಿದರು. ಆಮೇಲೆ ಕಸದ ಡಬ್ಬಿ ಕೆದಕಿ, ಸೋಂಕು ತಗಲದಂತೆ ಪ್ರೋಬಿಗೆ ತೊಡಿಸಿದ್ದ ಪಾರದರ್ಶಕ ಪ್ಲಾಸ್ಟಿಕ್ ಚೀಲ ಎತ್ತಿ ಬೆಳಕಿಗೆ ಹಿಡಿದರು. ಅದರ ಒಳಗೆ ಕೆಂಪು ಕಲೆಯಿತ್ತು.

"ಪೂಜಿ ಯಾರು ಮಾಡಿದ್ರು?"

"ನಾನರಿ," ಎಂದಳು ಸುನಿತಾ.

ಸಂಜೆ ಆಡಳಿತಾಧಿಕಾರಿಯ ಕೋಣೆಯಲ್ಲಿ ಎಲ್ಲರೂ ಸೇರಿದರು. ದೇವೇಂದ್ರಪ್ಪನವರು ಪ್ರೋಬನ್ನು ಮೇಜಿನ ಮೇಲಿಟ್ಟರು.

"ಪ್ರೋಬಿನ ಒಂದು ಬದಿಗೆ ಸಣ್ಣ ಗೀರು ಐತಿ. ಅದು ಹಿಡಿದವರ ಎಡಕ್ಕ ಬರಬೇಕು. ಚೀಲ ಹಾಕಿದ ಮ್ಯಾಲ ಗೀರು ಕಾಣಂಗಿಲ್ಲ, ಎದುರು ಬದಿಗಿಟ್ಟ ಕುಂಕುಮದ ಬೊಟ್ಟು ಕಾಣತೈತಿ. ಡಾಕ್ಟ್ರು ಅದನ್ನ ಗುರುತು ಅಂತ ತಿಳಕೊಂಡ್ರು. ಚಿತ್ರದಾಗ ಎಡ ಬಲ ಅದಲುಬದಲಾತು. ಅಭಿಧಮನಿ ಕಡೆ ಅಂತ ಸರಿಸಿದ ಸೂಜಿ ಅಪಧಮನಿಗೆ ಹೋತು. ಗವಿಸಿದ್ದೇಶ, ಪ್ರೋಬಿನ ಒಂದು ಬದಿ ಬೆರಳಿಂದ ಮುಟ್ಟಿ ಪರದೆ ನೋಡಿದ್ರ ತಿಳೀತಿತ್ತು."

"ಮುಟ್ಟಲಿಲ್ರಿ ಸರ್. ಅವಸರ ಮಾಡಿದೆ," ಎಂದು ಗವಿಸಿದ್ದೇಶ ತಲೆ ತಗ್ಗಿಸಿದ.

"ಇನ್ನೊಂದು ಮಾತು. ವೆಂಟಿಲೇಟರ್, ಮಾನಿಟರ್, ಗ್ಲೂಕೋಸ್ ಸ್ಟ್ಯಾಂಡ್, ಎಲ್ಲಾದರ ಮ್ಯಾಲೂ ಕುಂಕುಮ ಇನ್ನೂ ಐತಿ. ಪ್ರೋಬಿನ ಮ್ಯಾಲ ಮಾತ್ರ ಇಲ್ಲ. ಘಟನೆ ಆದ ಮ್ಯಾಲ ಯಾರೋ ಒರಸ್ಯಾರ."

ಇಷ್ಟು ಹೇಳಿ ಅವರು ಕಿಟಕಿಯತ್ತ ತಿರುಗಿದರು. ಹೆಸರು ಅವರಿಗೆ ಗೊತ್ತಿತ್ತು, ಹೇಳಲಿಲ್ಲ. ಯಂಕೋಬ ಕೊರಳಿನ ಗುರುತಿನ ಚೀಟಿಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದ. ಅದನ್ನು ನೋಡಿ ಸುನಿತಾಳಿಗೆ ತಡೆಯಲಾಗಲಿಲ್ಲ.

"ಒರಸಿದಾಕಿ ನಾನರಿ. ಬೊಟ್ಟು ಇಡುವಾಗ ನನಗ ತಿಳೀಲಿಲ್ಲ. ಒರಸುವಾಗ ಎಲ್ಲಾ ತಿಳಿದಿತ್ತು. ಯಂಕೋಬಣ್ಣನ ಹೆಸರು ಬಂದಾಗೂ ಸುಮ್ಮನಿದ್ದೆ."

ಯಂಕೋಬನ ಕೆಲಸ ಉಳಿಯಿತು. ಅವನು ಅವಳತ್ತ ನೋಡದೆ ಹೊರಟುಹೋದ. ಅದು ಅವಳನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಅವಳು ಐಸಿಯುಗೆ ಬಂದಾಗ ಮುದುಕವ್ವ ಎಚ್ಚರವಿದ್ದಳು. ಸುನಿತಾಳ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

"ನೀನ ಒತ್ತಿ ಹಿಡದು ನನ್ನ ಉಳಿಸಿದೆಂತಲ್ಲ, ನನ್ನವ್ವ. ಈ ಕೈ ತಣ್ಣಗಿರಲಿ."

ಸುನಿತಾ ಕೈ ಬಿಡಿಸಿಕೊಳ್ಳಲಿಲ್ಲ. ಸ್ಟೂಲ್ ಎಳೆದುಕೊಂಡು ಕುಳಿತು, ಪೂಜೆಯ ಸಂಜೆಯಿಂದ ಹೇಳತೊಡಗಿದಳು.