ಎರಡನೆಯ ಈಡು

೧೯೫೩ರ ನವೆಂಬರ್ ೧೪, ಶನಿವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಭಾಗಮಂಡಲ ಠಾಣೆಯ ಮೆಟ್ಟಿಲು ಹತ್ತಿ ನೀರ್ಕಲ್ಲು ಊರಿನ ನಾಣಯ್ಯ ಬಂದು ನಿಂತ. ಏದುಸಿರು ಬಿಡುತ್ತಿದ್ದ.

“ದೊಡ್ಡಪ್ಪನಿಗೆ ಗುಂಡು ಹೊಡೆದು ಕೊಂದಿದ್ದಾರೆ ಸಾರ್. ನಮ್ಮ ಏಲಕ್ಕಿ ಮಲೆಯಲ್ಲಿ.”

“ಯಾರು?”

“ಗೊತ್ತಿಲ್ಲೆ.”

“ನೀನೆಲ್ಲಿದ್ದೆ?”

“ಕೊಟ್ಟಿಗೆಯಲ್ಲಿದ್ದೆ. ಎರಡು ಈಡು ಕೇಳಿತು. ಸದ್ದು ನಮ್ಮ ಕಡೆಯದು ಅಂತ ಊರವರೆಲ್ಲ ನಮ್ಮ ಮನೆಗೇ ಬಂದ್ರು. ಹುಡುಕಿದ್ರೆ ಮಲೆಯಲ್ಲಿ ಬಿದ್ದಿದ್ರು.”

ಸಬ್ ಇನ್‌ಸ್ಪೆಕ್ಟರ್ ಸಣ್ಣಸ್ವಾಮಿ ಎಫ್.ಐ.ಆರ್. ಬರೆದು ಸಹಿ ಹಾಕಿಸಿಕೊಂಡರು. ಕುಶಾಲನಗರದ ಕಡೆಯ ಒಕ್ಕಲು ಮನೆತನದವರು, ಅಜ್ಜನ ಕಾಲಕ್ಕೆ ಹಾಸನದಿಂದ ಬಂದು ನೆಲೆಯೂರಿದವರು. ಕೋಪ ಮೂಗಿನ ತುದಿಯಲ್ಲೇ ಇರುವ ಮನುಷ್ಯ. ಭಾಗಮಂಡಲಕ್ಕೆ ವರ್ಗವಾಗಿ ಬಂದ ಮೇಲೆ ಬೇಲಿ ಜಗಳ, ಕಳೆದುಹೋದ ಎಮ್ಮೆ ಇಷ್ಟೇ ನೋಡಿದ್ದವರಿಗೆ ಇದು ಮೊದಲ ಕೊಲೆ ಕೇಸು. ಕಾನ್‌ಸ್ಟೇಬಲ್ ಪೂವಯ್ಯನನ್ನು ಕರೆದುಕೊಂಡು ಆಗಲೇ ಹೊರಟರು.

ಸತ್ತವರು ಬೋಜಪ್ಪ, ಆ ಮನೆಯ ಯಜಮಾನರು. ತಂದೆಯಿಲ್ಲದ ನಾಣಯ್ಯನನ್ನು ಸಾಕಿ ಬೆಳೆಸಿದವರು ಅವರೇ. ಎದೆಗೆ ಹತ್ತಿರದಿಂದ ಒಂದೇ ಗುಂಡೇಟು. ಕಂದಾಯದ ಪಾರುಪತ್ತೆಗಾರರ ಎದುರು ಪಂಚನಾಮೆ ನಡೆಯಿತು. ಹೆಣದ ಬಳಿ ಸುಟ್ಟ ತೆಂಗಿನ ನಾರಿನ ಉಂಡೆ, ಕೋವಿಯ ನಳಿಗೆಯಲ್ಲಿ ಮದ್ದಿನ ಮೇಲೆ ಒತ್ತಿ ಗಿಡಿಯುವಂಥದ್ದು. ಅಲ್ಲೇ ಸ್ವಲ್ಪ ಆಚೆ, ಅರ್ಧ ಸುಟ್ಟ ಕೆಂಪಂಚಿನ ಬಟ್ಟೆಯ ಚೂರು. ಎರಡನೆಯ ಗುಂಡು ಮಾತ್ರ ಮರದಲ್ಲೂ ಇಲ್ಲ, ಮಣ್ಣಿನಲ್ಲೂ ಇಲ್ಲ. ಗುರಿ ತಪ್ಪಿ ಎಲ್ಲೋ ಹೋಗಿರಬೇಕು ಎಂದು ಬರೆದುಕೊಂಡರು.

“ಈಡು ಕೇಳಿದವರು ಯಾರು?” ಎಂದರೆ ಊರಿಗೆ ಊರೇ ಕೈ ಎತ್ತಿತು.

“ಕೇಳಿಯೂ ಯಾರೂ ಓಡಿ ಬರಲಿಲ್ಲವಾ?”

“ಎರಡು ಈಡು ಅಂದ್ರೆ ಸಾವಲ್ವಾ ಸಾರ್?” ಎಂದಳು ನೆರೆಮನೆಯ ಬೊಳ್ಳಮ್ಮ. “ಬಿಳಿ ಬಟ್ಟೆ ಹುಡುಕಿ ಉಟ್ಟು ಬರೋದಲ್ವಾ? ಸತ್ತವರ ಮನೆಗೆ ಹೇಗೆ ಬೇಕೋ ಹಾಗೆ ಓಡಿ ಬರ್ಲಿಕ್ಕಾಗ್ತದಾ?”

ಅದೂ ಸರಿಯೇ. ಗಂಡು ಮಗು ಹುಟ್ಟಿದರೆ ಮನೆಯ ಅಂಗಳದಿಂದ ಆಕಾಶಕ್ಕೆ ಒಂದು ಈಡು. ಯಾರಾದರೂ ತೀರಿಕೊಂಡರೆ ಬೆನ್ನಿಗೆ ಬೆನ್ನು ಎರಡು. ಈ ನಾಡಿನಲ್ಲಿ ಓದು ಬಾರದವರಿಗೂ ಇದು ಬರುತ್ತದೆ. ಕೊಲೆಗಾರನಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾರು ಮಾಡಿಯಾರು! ಇಡೀ ಊರು ಪೆಟ್ಟಿಗೆ ತೆಗೆದು ಬಿಳಿ ಬಟ್ಟೆ ಹುಡುಕುತ್ತಿದ್ದಾಗ ಅವನು ಆರಾಮಾಗಿ ಇಳಿದು ಹೋಗಿದ್ದ.

“ಎರಡು ಈಡಿನ ನಡುವೆ ಎಷ್ಟು ಹೊತ್ತು?”

“ಹೊತ್ತೆಲ್ಲಿ? ಢಂ ಢಂ ಅಂತ ಒಂದರ ಹಿಂದೆ ಒಂದು.” ಕೇಳಿದವರೆಲ್ಲ ಹೇಳಿದ್ದು ಇದನ್ನೇ.

ಬೋಜಪ್ಪನವರ ಮನೆಯ ಕೋವಿ ಒಂಟಿ ನಳಿಗೆಯದು. ಒಂದು ಹೊಡೆದರೆ ಮತ್ತೆ ಮದ್ದು ಸುರಿದು, ಗಜದ ಕೋಲು ಹಾಕಿ ಗಿಡಿದು, ಕಿಡಿ ಕೊಡುವ ಕೇಪು ಇಟ್ಟ ಮೇಲೆಯೇ ಇನ್ನೊಂದು. ಅದು ಗೋಡೆಯ ಗೂಟದಲ್ಲಿ ತಣ್ಣಗೆ ನೇತಾಡುತ್ತಿತ್ತು. ಊರಿನಲ್ಲಿ ಉಳಿದವರದೂ ಅಂಥವೇ. ಅಂದಮೇಲೆ ಹೊಡೆದದ್ದು ಜೋಡು ನಳಿಗೆಯ ಕೋವಿ, ಹೊಡೆದವನು ಹೊರಗಿನವನು. ಎಲ್ಲರಿಗೂ ಇದು ಒಪ್ಪಿಗೆಯಾಯಿತು, ಸಣ್ಣಸ್ವಾಮಿಯವರಿಗೂ ಸಹ. ಬಿಳಿ ಉಟ್ಟು ಬರುವ ದಾರಿಯಲ್ಲಿ, ತಲೆಗೆ ಬಿಳಿ ಬಟ್ಟೆ ಸುತ್ತಿದ ಗುರುತಿಲ್ಲದ ಗಂಡಸೊಬ್ಬನ ಬೆನ್ನು ಕಂಡೆ ಎಂದು ಬೊಳ್ಳಮ್ಮ ಬೇರೆ ಹೇಳಿದಳು.

ಮಡಿಕೇರಿಯಲ್ಲಿ ಕರಪತ್ರ ಅಚ್ಚಾಯಿತು: ತಲೆಗೆ ಬಿಳಿ ಬಟ್ಟೆ, ಜೋಡು ನಳಿಗೆ ಕೋವಿ, ಕಂಡವರು ತಿಳಿಸಬೇಕು. ಬಸ್ಸುಗಳ ಬೆನ್ನಿಗೆ ಅಂಟಿಸಿದರು, ಸಂತೆಗಳಲ್ಲಿ ಡಂಗುರ ಹೊಡೆಸಿದರು. ಅಲ್ಲಿಗೆ ಸಣ್ಣಸ್ವಾಮಿಯವರ ನೆಮ್ಮದಿಗೆ ಎಳ್ಳುನೀರು ಬಿಟ್ಟಂತಾಯಿತು.

ಅಬ್ಬಬ್ಬಾ, ಜನ ಎಂದರೆ ಜನ! ಕೊಡಗಿನಲ್ಲಿ ತಲೆಗೆ ಬಟ್ಟೆ ಸುತ್ತಿದವರೆಲ್ಲ ಕೊಲೆಗಾರರಾದರು. ವಿರಾಜಪೇಟೆಯಿಂದ ಚಾಕು ಸಾಣೆ ಹಿಡಿಯುವವನನ್ನು ಕಟ್ಟಿ ತಂದರು. ಸಂತೆಯಲ್ಲಿ ಕಂಬಳಿ ಮಾರುತ್ತಿದ್ದ ಮುದುಕನನ್ನು ಎತ್ತಿನಗಾಡಿಯಲ್ಲಿ ಹಾಕಿ ತಂದರು. ನಾಪೋಕ್ಲಿನ ಹಿರಿಯರೊಬ್ಬರು ಸ್ವಂತ ಅಳಿಯನನ್ನೇ ಕರೆತಂದು, “ಇವನೇ ಆಗಿರ್ಬೇಕು, ವಿಚಾರಿಸಿ” ಎಂದು ಬೆಂಚಿನ ಮೇಲೆ ಕೂರಿಸಿದರು. ಅಳಿಯನ ಬಳಿ ಬಿಳಿ ಬಟ್ಟೆಯೂ ಇರಲಿಲ್ಲ, ಕೋವಿಯೂ ಇರಲಿಲ್ಲ.

“ಮತ್ಯಾಕ್ರೀ ತಂದ್ರಿ?”

“ಕೊಂದ್ರೂ ಕೊಂದಾನು ಸಾರ್, ಅಂಥವ.”

ಹೇಳಿಕೆ ಬರೆದು ಬರೆದು ಪೂವಯ್ಯನ ಬೆರಳು ಮರಗಟ್ಟಿತು. ಸಣ್ಣಸ್ವಾಮಿಯವರಿಗೆ ತಲೆ ಕೆಟ್ಟು ಕೆರ ಹಿಡಿಯಿತು. ಬೈದರೆ ಸಹಾಯಕ್ಕೆ ಬಂದವರನ್ನು ಬೈದರೆಂಬ ಹೆಸರು, ಸುಮ್ಮನಿದ್ದರೆ ಏನೂ ಮಾಡದ ಸಾಹೇಬರೆಂಬ ಹೆಸರು.

ಕೊನೆಗೆ ಗೋಣಿಕೊಪ್ಪಲಿನ ಸಂತೆಯಲ್ಲಿ ಪಾಪ ಎಂಬ ಹೆಸರಿನವನು ಸಿಕ್ಕಿದ. ಜೇನು ಮಾರುತ್ತ ಊರೂರು ಅಲೆಯುವ ಬಡಪಾಯಿ. ಜೇನು ಸೋಸುವ ಬಿಳಿ ಬಟ್ಟೆಯನ್ನೇ ತಲೆಗೆ ಸುತ್ತಿಕೊಳ್ಳುತ್ತಿದ್ದ. ಜನ ಅವನ ಗಡಿಗೆ ಒಡೆದು, ಮೈ ಮುಖ ಬಾತುಹೋಗುವಂತೆ ಬಡಿದು ತಂದು ಒಪ್ಪಿಸಿದರು.

“ಆ ಶನಿವಾರ ನೀರ್ಕಲ್ಲಿಗೆ ಹೋಗಿದ್ದೆಯಾ?”

“ಹೋಗಿದ್ದೆ ಸಾಮಿ. ಜೇನು ಬೇಕಾ ಅಂತ ಕೇಳೋಕೆ. ಈಡು ಕೇಳ್ತು. ಸಾವಿನ ಮನೇಲಿ ಜೇನು ಮಾರೋದು ಬ್ಯಾಡಾಂತ ತಿರುಗಿ ಬಂದೆ.”

“ಕೋವಿ ಎಲ್ಲಿ?”

“ನಂಗೆ ಯಾರು ಕೊಡ್ತಾರೆ ಸಾಮಿ ಕೋವಿ?”

ಕೋವಿಯನ್ನು ಹೊಳೆಗೆ ಎಸೆದಿದ್ದಾನೆ ಎಂದು ಜನರೇ ತೀರ್ಪು ಕೊಟ್ಟರು. ಮ್ಯಾಜಿಸ್ಟ್ರೇಟರ ಎದುರು ಗುರುತಿನ ಪರೇಡು ನಡೆದಾಗ ಬೊಳ್ಳಮ್ಮ ನೇರ ಹೋಗಿ ಅವನನ್ನೇ ಮುಟ್ಟಿದಳು. ಅವಳದು ಸುಳ್ಳಲ್ಲ, ಕಂಡಿದ್ದು ನಿಜ. ಆದರೆ ಅವಳ ಹಿಂದೆಯೇ, ಆ ದಿನ ಅವನನ್ನು ಕಂಡೇ ಇರದ ಇನ್ನೂ ನಾಲ್ವರು ಬಂದು ಅವನನ್ನೇ ಮುಟ್ಟಿದರು. ಬಡಿದ ಗಾಯವಿದ್ದ ಮುಖ ಸಾಲಿನಲ್ಲಿ ಇನ್ಯಾರದೂ ಇರಲಿಲ್ಲವಲ್ಲ! ಸಣ್ಣಸ್ವಾಮಿಯವರಿಗೆ ಮೈಯೆಲ್ಲ ಉರಿದುಹೋಯಿತು.

ಮಡಿಕೇರಿಯಿಂದ ಮೇಲಿನ ಸಾಹೇಬರು ಬಂದು ಕಾಫಿ ಕುಡಿದು ಹೇಳಿದರು: “ಐದು ಜನ ಗುರುತು ಹಿಡಿದಿದ್ದಾರೆ. ಇನ್ನೇನು ಬೇಕು ನಿಮಗೆ? ಈ ವಾರದೊಳಗೆ ಚಾರ್ಜ್‌ಶೀಟ್ ಹಾಕಿ.”

“ಕೋವಿ ಸಿಕ್ಕಿಲ್ಲ ಸಾರ್. ಕಾರಣವೂ ಸಿಕ್ಕಿಲ್ಲ.”

“ಜನರಿಗೆ ಆಸಾಮಿ ಸಿಕ್ಕಿದ್ದಾನಲ್ಲ, ಸಾಕು.”

ಜೀಪು ಹೋದ ಮೇಲೆ ಸಣ್ಣಸ್ವಾಮಿ ಲಾಕಪ್ಪಿನ ಕಡೆ ನೋಡಿದರು. ಪಾಪ ಮೂಲೆಯಲ್ಲಿ ಕುಳಿತು ಅಕ್ಕಿರೊಟ್ಟಿ ತಿನ್ನುತ್ತಿದ್ದ.

“ರೊಟ್ಟಿ ಯಾರು ಕೊಟ್ಟದ್ದು?”

“ನಾಣಯ್ಯ ಸಾರ್,” ಎಂದ ಪೂವಯ್ಯ. “ದಿನಾ ತಂದು ಕೊಡ್ತಾನೆ. ದೊಡ್ಡಪ್ಪನನ್ನು ಕೊಂದವನಿಗೆ ಊಟ ಕೊಡ್ಲಿಕ್ಕೆ ಎಂಥ ಮನಸ್ಸಿರ್ಬೇಕು! ದೇವರಂಥವ.”

ಈ ಬಡಪಾಯಿ ನೇಣಿಗೇರಿದರೆ ಆ ಹಗ್ಗ ಹೊಸೆದವರಲ್ಲಿ ತಾನೂ ಒಬ್ಬ ಎಂಬ ಸಂಕಟ ಸಣ್ಣಸ್ವಾಮಿಯವರಿಗೆ ಅನ್ನ ಸೇರಲು ಬಿಡುತ್ತಿರಲಿಲ್ಲ. ಕರಪತ್ರದ ಒಕ್ಕಣೆ ಅವರದೇ ತಾನೆ? ಮರುದಿನ ಪೂವಯ್ಯನನ್ನು ಕರೆದುಕೊಂಡು ಮತ್ತೆ ನೀರ್ಕಲ್ಲಿಗೆ ನಡೆದರು.

ನಾಣಯ್ಯ ಗದ್ದೆಗೆ ಹೋಗಿದ್ದ. ಅವನ ಹೆಂಡತಿ ಲಿಂಗಮ್ಮ ಜಗಲಿಗೆ ಬಂದಳು. ಅವಳೂ ಕುಶಾಲನಗರದ ಕಡೆಯವಳೇ. ನಾಣಯ್ಯ ಮೆಚ್ಚಿ, ಮನೆಯವರ ಮಾತು ಮೀರಿ ತಂದ ಬೇರೆ ಜಾತಿಯ ಹುಡುಗಿ. ಹಿಂದೆ ವಿಚಾರಣೆಗೆ ಬಂದಾಗೆಲ್ಲ ಬಾಗಿಲ ಮರೆಯಲ್ಲೇ ನಿಂತಿದ್ದಳು. ಇವತ್ತು ಸಾಹೇಬರ ಮಾತಿನ ರಾಗದಲ್ಲೇ ತವರಿನ ಗುರುತು ಹತ್ತಿ ಅವಳ ಮುಖ ಅರಳಿತು.

“ನಮ್ ಕಡೆಯೋರಾ ಅಣ್ಣಾ ನೀವು? ಕೂತ್ಕಳಿ, ಕಾಪಿ ತತ್ತೀನಿ.”

ಕಾಫಿ ಕೊಟ್ಟು, ತೊಟ್ಟಿಲಲ್ಲಿ ಎದ್ದ ಕೂಸನ್ನು ತಂದು ತೊಡೆಯ ಮೇಲೆ ಹಾಕಿಕೊಂಡಳು. ಎರಡು ತಿಂಗಳ ಗಂಡು ಮಗು.

“ಇವನು ಹುಟ್ಟಿದಾಗ ಜೋರಾಗಿ ಈಡು ಹೊಡೆದಿರಬೇಕು,” ಎಂದರು ಸಣ್ಣಸ್ವಾಮಿ, ಮಾತಿಗೆ ಮಾತೆಂದು.

ಅವಳ ಮುಖ ಸಣ್ಣದಾಯಿತು. “ಎಲ್ಲಣ್ಣ? ಬೇರೆ ಜಾತಿಯೋಳ ಮಗೀಗೆ ಈ ಮನೆ ಕೋವಿ ಏಳಲ್ಲ ಅಂದ್ಬುಟ್ರು ದೊಡ್ಡಪ್ಪ. ಈಡು ಬೀಳದ ಕೂಸು ಅಂತ ಊರೆಲ್ಲ ಆಡ್ಕಂಡ್ರು. ಇವ್ರು ಅನ್ನ ನೀರು ಬಿಟ್ಟು ಕೂತಿದ್ರು.” ಆಮೇಲೆ ಬಗ್ಗಿ, ಗುಟ್ಟು ಹೇಳುವಂತೆ ನಕ್ಕಳು. “ಆದ್ರೆ ಕೊನೇಗೆ ಒಪ್ಪಿದ್ರು ಕಣಣ್ಣ, ಸಾಯೋ ದಿನ. ಇವತ್ತು ಒಪ್ಪಿಸ್ಕಂಡೇ ಬತ್ತೀನಿ ಅಂತ ಇವ್ರು ಕೋವಿ ತಗಂಡು ಮಲೆಗೆ ಹೋದ್ರು. ಒಂದು ಈಡು ಕೇಳ್ತು ನೋಡಿ, ನಂಗೆ ಜೀವ ಬಂದಂಗಾಯ್ತು! ಮಗೀನ ಎತ್ಕಂಡು ಅಂಗಳಕ್ಕೆ ಬಂದು, ನಿಂಗೇ ಕಣೋ ಅದು, ನಿಂಗೇ ಕಣೋ ಅಂತ ಕುಣಿದ್ಬುಟ್ಟೆ. ಒಳಗೆ ಬಂದು ದೀಪ ಹಚ್ಚಿ, ದೇವ್ರಿಗೆ ಕೈ ಮುಗ್ದೆ. ಆಮೇಲೆ ಇನ್ನೊಂದು ಕೇಳ್ತು. ಅದು ಆ ಜೇನಿನೋನು ದೊಡ್ಡಪ್ಪಂಗೆ ಹೊಡೆದಿದ್ದಂತೆ. ಸಾವಿನ ಮನೇಲಿ ಈ ಸಂತೋಸ ಆಡ್ಬ್ಯಾಡ ಅಂದವ್ರೆ ಇವ್ರು. ನೀವು ನಮ್ಮೋರು ಅಂತ ಹೇಳ್ದೆ.”

ಸಣ್ಣಸ್ವಾಮಿ ಮನಸ್ಸಿನಲ್ಲೇ ಪಂಚನಾಮೆಯ ಹಾಳೆ ತಿರುವಿದರು. ಕೊಟ್ಟಿಗೆಯಲ್ಲಿದ್ದೆ ಎಂದಿದ್ದ ನಾಣಯ್ಯ. ಕೋವಿ ಗೂಟದಲ್ಲಿತ್ತು ಎಂದು ಬರೆದುಕೊಂಡಿದ್ದವರು ತಾವು. ದೀಪ ಹಚ್ಚಿ ಕೈ ಮುಗಿಯುವಷ್ಟು ಹೊತ್ತು! ಅಷ್ಟರಲ್ಲಿ ಒಂಟಿ ನಳಿಗೆಯನ್ನು ನಿಧಾನವಾಗಿ ತುಂಬಬಹುದು. ಕೂಸಿಗೆ ಹೊದಿಸಿದ್ದ ವಸ್ತ್ರದ ಮೇಲೆ ಅವರ ಕಣ್ಣು ಬಿತ್ತು. ಕೆಂಪಂಚಿನ ಹಳೆಯ ಟವೆಲು, ಒಂದು ಮೂಲೆ ಹರಿದಿತ್ತು.

“ಈ ಬಟ್ಟೆ?”

“ಇವ್ರದೇ. ಆವತ್ತು ಎಲ್ಲೋ ಹರ್ಕಂಡು ಬಂದಿದ್ರು. ಮಗೀಗಾದ್ರೂ ಆಗ್ಲಿ ಅಂತ ಒಗೆದು ಇಟ್ಕಂಡೆ.”

ಸಣ್ಣಸ್ವಾಮಿ ಲೋಟ ಕೆಳಗಿಟ್ಟು ಬೊಳ್ಳಮ್ಮನ ಮನೆಗೆ ಹೋದರು.

“ಬೊಳ್ಳಮ್ಮ, ಎರಡನೆಯದು ಬಿಡಿ. ಮೊದಲನೆಯ ಈಡು ಕೇಳಿದಾಗ ನೀವೇನು ಅಂದುಕೊಂಡಿರಿ?”

“ಎಂಥದು? ಯಾರ ಮನೇಲಿ ಗಂಡು ಕೂಸು ಹುಟ್ಟಿತಪ್ಪಾ ಅಂದ್ಕೊಂಡೆ. ಮೇಲಿನ ಮನೆ ಸೊಸೆಗೆ ಇನ್ನೂ ದಿನ ತುಂಬಲಿಲ್ಲೆ, ಕೆಳಗಿನ ಮನೆಯವಳು ತವರಿಗೆ ಹೋಗಿದ್ದಾಳೆ. ಮತ್ಯಾರು ಅಂತ ಅತ್ತೆ ಹತ್ರ ಕೇಳಿದೆ. ಅತ್ತೆ ಒಲೆ ಮುಂದಿಂದ ಎದ್ದು ಬಂದು...” ಬೊಳ್ಳಮ್ಮ ಅಲ್ಲಿಗೇ ನಿಂತಳು. ಕೈ ಬಾಯಿಗೆ ಹೋಯಿತು. “ಅಯ್ಯೋ! ಹೌದಲ್ವಾ ಸಾರ್. ಎರಡನೆಯದು ಬಿದ್ದದ್ದು ಆಮೇಲೆ.”

“ಮತ್ತೆ ಢಂ ಢಂ ಅಂತ ಹೇಳಿದ್ರಲ್ಲ?”

“ಸಾವಿನ ಈಡು ಯಾವಾಗ್ಲೂ ಹಾಗೇ ಅಲ್ವಾ ಸಾರ್?”

ಸುಳ್ಳು ಒಬ್ಬರೂ ಹೇಳಿರಲಿಲ್ಲ. ಸಾವೆಂದು ಗೊತ್ತಾದ ಕೂಡಲೇ, ಸಾವಿನ ಈಡು ಹೇಗಿರಬೇಕೋ ಹಾಗೆ ನೆನಪಿಟ್ಟುಕೊಂಡಿದ್ದರು. ಜೋಡು ನಳಿಗೆಯ ಕೋವಿ ಹುಟ್ಟಿದ್ದು ಆ ನೆನಪಿನಲ್ಲಿ. ಅದನ್ನು ಹುಡುಕಲು ಅರ್ಧ ಕೊಡಗು ಎದ್ದಿತ್ತು. ಎಂಥ ದಡ್ಡತನ ಮಾಡಿಕೊಂಡೆ ಎಂದು ಸಣ್ಣಸ್ವಾಮಿ ಹಣೆ ಚಚ್ಚಿಕೊಂಡರು. ಕೊಂದ ಮೇಲೆ ಹೊರಗಿನವನಾದರೆ ಓಡುತ್ತಾನೆ. ಹೆಣದ ಪಕ್ಕದಲ್ಲೇ ನಿಂತು, ನಾರು ಸಾಲದೆ ಹೆಗಲ ಬಟ್ಟೆ ಹರಿದು ಗಿಡಿದು, ಆಕಾಶಕ್ಕೆ ಹೊಡೆದು ಹೋಗುವವನು ಮನೆಯವನೇ.

ಸಣ್ಣಸ್ವಾಮಿ, ಪೂವಯ್ಯ ಇಬ್ಬರೂ ಮರಳಿ ಹೋದಾಗ ನಾಣಯ್ಯ ಗದ್ದೆಯಿಂದ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದ. ಸಾಹೇಬರ ಮುಖ ನೋಡಿದವನೇ ಚೊಂಬು ಕೆಳಗಿಟ್ಟ.

“ಪಾಪನನ್ನು ಬಿಡಿ ಸಾರ್. ನಾನೇ ಬರೋಣ ಅಂತಿದ್ದೆ. ದಿನಾ ರೊಟ್ಟಿ ಹಿಡಿದು ಬಂದಾಗೆಲ್ಲ ಹೇಳೋಣ ಅಂತಲೇ ಬರ್ತಿದ್ದೆ.”

“ಯಾಕೆ ಹೊಡೆದೆ?”

“ಕಾಲು ಹಿಡಿದೆ ಸಾರ್. ಒಂದೇ ಒಂದು ಈಡು, ಊರಿಗೆ ಕೇಳಿದ್ರೆ ಸಾಕು ಅಂದೆ. ಸಂತೆಯಿಂದ ತಂದ ಕರುವಿಗೆ ಯಾರಾದ್ರೂ ಈಡು ಹೊಡೀತಾರಾ ಅಂತ ನಕ್ಕರು. ನಗಬಾರದಿತ್ತು.” ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. “ಹಂದಿಗೆ ಅಂತ ಗುಂಡು ತುಂಬಿಟ್ಟಿದ್ದ ಕೋವಿ. ಅವರ ಮೇಲೆ ಯಾವಾಗ ಎತ್ತಿದೆನೋ, ದೇವರಾಣೆ ಗೊತ್ತಿಲ್ಲೆ.”

“ಎರಡನೆಯದು?”

“ಸಾಕಿದವರು ಸಾರ್. ಎರಡು ಈಡು ಇಲ್ಲದೆ ಹೇಗೆ ಬಿಟ್ಟು ಬರ್ಲಿ? ನನ್ನ ಮಗನಿಗೆ ಸಲ್ಲಬೇಕಾದ್ದನ್ನು ಅವರು ಕೊಡಲಿಲ್ಲೆ. ಅವರದ್ದು ನಾನು ತಪ್ಪಿಸಲಿಲ್ಲೆ.”

ಮಧ್ಯಾಹ್ನ ಎರಡೂವರೆಗೆ ದಸ್ತಗಿರಿ ಆಯಿತು. ಕೋವಿ, ಟವೆಲು ಎರಡನ್ನೂ ಪಂಚರ ಎದುರು ವಶಪಡಿಸಿಕೊಂಡರು. ಹೇಳಿದ್ದನ್ನೇ ಮ್ಯಾಜಿಸ್ಟ್ರೇಟರ ಮುಂದೆಯೂ ಹೇಳುತ್ತೇನೆಂದ ನಾಣಯ್ಯ. ಈಡಿನ ನಡುವಿನ ಹೊತ್ತಿಗೆ ಬೊಳ್ಳಮ್ಮನ ಸಾಕ್ಷಿ ಸಾಕಾಗಿತ್ತು. ಲಿಂಗಮ್ಮ ಕಾಫಿ ಕೊಟ್ಟು ಆಡಿದ ಮಾತನ್ನು ಸಣ್ಣಸ್ವಾಮಿ ಎಲ್ಲಿಯೂ ಬರೆಯಲಿಲ್ಲ. ಪಾಪನನ್ನು ಬಿಡುಗಡೆ ಮಾಡಿದಾಗ ಅವನು ಕೇಳಿದ್ದು ಒಂದೇ, “ಗಡಿಗೆ ಯಾರು ಕೊಡ್ತಾರೆ ಸಾಮಿ?” ಗುರುತು ಹಿಡಿದ ಐವರಲ್ಲಿ ಒಬ್ಬರೂ ಆ ಕಡೆ ತಲೆ ಹಾಕಲಿಲ್ಲ. ನಮಗೆ ಮೊದಲೇ ಅನುಮಾನವಿತ್ತು ಎಂದು ಮಾತ್ರ ಸಂತೆಯಲ್ಲಿ ಹೇಳಿಕೊಂಡು ತಿರುಗಿದರು.

ಆದರೆ ಆ ಮಧ್ಯಾಹ್ನ, ಪೂವಯ್ಯ ಬೇಡಿ ಹಾಕುವಾಗ, ಟವೆಲು ತೆಗೆದುಕೊಂಡಿದ್ದರಿಂದ ಬರಿಮೈಯ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಲಿಂಗಮ್ಮ ಅಂಗಳಕ್ಕೆ ಇಳಿದು ಬಂದಿದ್ದಳು. ಅಳಲಿಲ್ಲ. ಗಂಡನ ಎದುರು ನಿಂತು ಕೇಳಿದಳು:

“ಹಂಗಾದ್ರೆ ಆ ಮೊದಲನೇ ಈಡು?”

ನಾಣಯ್ಯ ತಲೆ ಎತ್ತಲಿಲ್ಲ. ಸಣ್ಣಸ್ವಾಮಿ ಬೇರೆ ಕಡೆ ನೋಡಿದರು. ಉತ್ತರಕ್ಕಾಗಿ ಇಬ್ಬರ ಮುಖವನ್ನೂ ನೋಡಿದ ಲಿಂಗಮ್ಮ, ಕೂಸಿನ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿದಳು.