ಹಸಿರು ತೋರಿಸಿದ ಟೆಸ್ಟ್

ಪರದೆಯ ಮೇಲೆ ಹಸಿರು ಗೆರೆ ಮೂಡಿತು. ಹಿಲ್ಲಾ ಬರೆದ ಪ್ರೋಗ್ರಾಮಿನ ಎಲ್ಲ ಟೆಸ್ಟ್ ಪಾಸ್. ಬೇರೆ ದಿನವಾಗಿದ್ದರೆ ಅವಳು ಹಾಯಾಗಿ ಕಾಫಿಗೆ ಏಳುತ್ತಿದ್ದಳು. ಇವತ್ತು ಆ ಹಸಿರು ಕಂಡೇ ಅವಳ ಜೀವ ಬಾಯಿಗೆ ಬಂತು.

ಟೆಸ್ಟಿಗೆ ಮೊದಲು ಹಳೆಯ ಫೈಲುಗಳನ್ನು ಅಳಿಸು ಎಂದು ನೇರ ಯಂತ್ರಕ್ಕೇ ಕಮಾಂಡ್ ಕೊಡುವ ಸಾಲೊಂದು, ಟೆಸ್ಟ್ ನಡೆಸಲು ಅವಳು ಬರೆದ ಸ್ಕ್ರಿಪ್ಟಿನಲ್ಲಿತ್ತು. ಯಾವ ಫೋಲ್ಡರ್ ಎಂಬ ಹೆಸರನ್ನು ಅವಳು ತುಂಬಬೇಕಿತ್ತು. ಆ ಜಾಗವನ್ನು ಖಾಲಿ ಬಿಟ್ಟಿದ್ದಳು, ಮಹಾರಾಯ್ತಿ! ಹೆಸರಿಲ್ಲದಿದ್ದರೆ ಹೊರಗಿನ ದೊಡ್ಡ ಫೋಲ್ಡರೇ ಅಳಿಸಿಹೋಗುತ್ತದೆ; ಹಸಿರು ಬಂದಿದೆ ಎಂದರೆ ಆ ಸಾಲೂ ನಡೆದಿರಬೇಕು. ಅದರೊಳಗೆ ಓಸ್ಮೋನ ರೆಕಾರ್ಡಿಂಗುಗಳಿದ್ದವು.

ಓಸ್ಮೋ ಎದುರು ಮೇಜಿನವನು. ಔಲು ಊರಿನಾಚೆ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಚಳಿಗಾಲವಿಡೀ ಮೈಕು ಹಿಡಿದು ಕೂತು, ಮಂಜುಗಡ್ಡೆ ಬಿರಿಯುವ ಸದ್ದನ್ನು ತಂದಿದ್ದ. ಕಾಲಿಡಬೇಡಿ ಎಂದು ಮೀನುಗಾರರನ್ನು ಎಚ್ಚರಿಸುವ ಉಪಕರಣಕ್ಕೆ ಆ ಸದ್ದೇ ಆಧಾರ. ನಕಲು ಇನ್ನೂ ತೆಗೆದಿರಲಿಲ್ಲ. ಮಂಜು ಕರಗಿಯೂ ಆಗಿತ್ತು.

ಆ ಫೋಲ್ಡರ್ ತೆರೆದು ನೋಡಲು ಅವನೊಬ್ಬನಿಗೇ ಆಗುತ್ತಿತ್ತು. ಅಂದರೆ ಅವನಿಗೆ ಹೇಳಲೇಬೇಕು.

ಮೂರು ತಿಂಗಳಿಂದ ಅವನು ಪರದೆಯ ಮೇಲಿಂದ ಕಳ್ಳನೋಟ ಬೀರುತ್ತಿದ್ದ. ಇವಳು ತಲೆಯೆತ್ತಿದರೆ ಕಣ್ಣನ್ನು ಕಾಫಿ ಲೋಟಕ್ಕೆ ಇಳಿಸುತ್ತಿದ್ದ. ದಾಲ್ಚಿನ್ನಿ ಬನ್ನು ತಿನ್ನುವಾಗ ನಡುವಿನ ಮೆತ್ತನೆಯ ಸುರುಳಿಯನ್ನು ಮಾತಿಲ್ಲದೆ ಇವಳ ಕಡೆ ತಳ್ಳುತ್ತಿದ್ದ. ಇನ್ನು ಆ ನೋಟ ತನಗಿಲ್ಲ ಎಂದುಕೊಂಡಳು ಹಿಲ್ಲಾ.

ಎದ್ದು ಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು. ಓಸ್ಮೋ ತನ್ನ ಪರದೆಯತ್ತ ತಿರುಗಿದ. ಕೀಲಿಮಣೆ ಒತ್ತಿದ, ಕಾದ, ಮತ್ತೆ ಒತ್ತಿದ. ಅವಳು ಅವನ ಕತ್ತನ್ನೇ ನೋಡುತ್ತ ನಿಂತಳು.

"ಇದೆ. ಎಲ್ಲಾ ಇದೆ," ಎಂದ.

ಯಂತ್ರ ಆ ಕಮಾಂಡನ್ನು ಒಪ್ಪಿಯೇ ಇರಲಿಲ್ಲವಂತೆ. ಕೊಟ್ಟ ಕಮಾಂಡ್ ನಡೆಯಿತೋ ಇಲ್ಲವೋ ಎಂದು ಸ್ಕ್ರಿಪ್ಟು ಕೇಳಿರಲೂ ಇಲ್ಲ. ಸುಮ್ಮನೆ ಹಸಿರು ಬಳಿದಿತ್ತು.

"ಯಾಕೆ ಒಪ್ಪಲಿಲ್ಲ?"

ಅವನ ಕಿವಿ ಕೆಂಪೇರಿತು. ಆ ಖಾಲಿ ಜಾಗವನ್ನು ಹೋದ ವಾರವೇ ನೋಡಿದ್ದನಂತೆ. ತಿದ್ದು ಎಂದು ಅವಳಿಗೆ ಹನ್ನೊಂದು ಸಲ ಮೆಸೇಜ್ ಬರೆದು ಹನ್ನೊಂದು ಸಲವೂ ಅಳಿಸಿ, ಕೊನೆಗೆ ಅವಳ ಸ್ಕ್ರಿಪ್ಟಿಗೆ ಅಲ್ಲಿ ಅಳಿಸುವ ಅನುಮತಿಯನ್ನೇ ತೆಗೆದುಹಾಕಿದ್ದನಂತೆ.

"ಬಾಯ್ಬಿಟ್ಟು ಹೇಳೋಕೇನಾಗಿತ್ತು ನಿಂಗೆ? ಇಲ್ಲಿ ನನ್ನ ಜೀವ ಹೋಗಿತ್ತು."

"ಹೆದರಿಕೆ ಆಯ್ತು," ಎಂದ ಓಸ್ಮೋ. "ಬರೀ ತಪ್ಪು ಹುಡುಕ್ತಾನೆ ಅಂದ್ಕೊಂಡು ನೀನು ಮತ್ತೆ ಈ ಕಡೆ ನೋಡ್ದೇ ಇದ್ರೆ?"

ಹಿಲ್ಲಾಳಿಗೆ ಸಿಟ್ಟೂ ನಗುವೂ ಅಳುವೂ ಒಟ್ಟಿಗೇ ಬಂದವು.

"ನಾನೂ ಅದಕ್ಕೇ ಕಣೋ ಹೆದರಿದ್ದು. ಇನ್ಮೇಲೆ ತಪ್ಪಿದ್ರೆ ಮುಖಕ್ಕೇ ಹೇಳು. ಪ್ರೀತಿ ಇದ್ರೆ ಅದನ್ನೂ ಹೇಳು."

ಓಸ್ಮೋ ಈ ಸಲ ಕಣ್ಣನ್ನು ಕಾಫಿ ಲೋಟಕ್ಕೆ ಇಳಿಸಲಿಲ್ಲ.

"ಎರಡೂ ಇದೆ," ಎಂದ.

ಅವಳು ಅವನ ಕೈ ಹಿಡಿದಳು. ಆ ಖಾಲಿ ಜಾಗ ತುಂಬಲು ಅವನನ್ನೂ ತನ್ನ ಮೇಜಿಗೆ ಎಳೆದೊಯ್ದಳು.