ಅಣ್ಣನ ಮುಖ ಹೊತ್ತವನು

ಬಹಳ ಹಿಂದೆ, ಹೊಳಲಾವತಿ ಎಂಬ ರಾಜ್ಯದಲ್ಲಿ ಯಾರ ಮುಖವೂ ಅವರದಾಗಿರಲಿಲ್ಲ. ಕೋಟೆಯ ಮಾಯಾವಿ ಧೂಮಕ ಜನರಿಗೆ ಒಂದು ಬಗೆಯ ಕಪ್ಪು ಕಾಡಿಗೆ ಹಂಚುತ್ತಿದ್ದ. ಅದನ್ನು ಹಣೆಗೆ ಹಚ್ಚಿಕೊಂಡವರು, ನೋಡುವವರು ಬಯಸಿದಂತೆ ಕಾಣುತ್ತಿದ್ದರು. ಒಳಗೆ ಸ್ವಂತ ಮುಖ ಸವೆಯುತ್ತಿತ್ತು. ಸವೆದದ್ದು ಮಾಯಾವಿಯ ದೀಪಕ್ಕೆ ಎಣ್ಣೆಯಾಗುತ್ತಿತ್ತು.

ನೇಕಾರರ ಹಾಲಪ್ಪನೂ ಹಚ್ಚಿಕೊಂಡಿದ್ದ. ಅಣ್ಣ ನಿಂಗಪ್ಪ ಹೊಳೆಯ ಪಾಲಾದ ಮೇಲೆ ಅವ್ವ ಅನ್ನ ಮುಟ್ಟುವುದನ್ನೇ ಬಿಟ್ಟಿದ್ದಳು. ಹಾಲಪ್ಪ ಕಾಡಿಗೆ ಹಚ್ಚಿ ಬಾಗಿಲಲ್ಲಿ ನಿಂತದ್ದೇ ತಡ, "ಬಂದ್ಯಾ ನಿಂಗಾ!" ಎಂದು ಎದ್ದು ಬಂದು ಉಂಡಳು. ಹಾಲಪ್ಪ ಎಲ್ಲಿ ಎಂದು ಕೇಳಲಿಲ್ಲ.

ಹೀಗೇ ವರ್ಷಗಳು ಹೋದವು. ಒಂದು ದಿನ ಹೊಳೆಗೆ ಬಗ್ಗಿದಾಗ ನೀರಿನಲ್ಲಿ ಅವನ ಕಣ್ಣು ಮೂಗು ಅರ್ಧ ಅಳಿಸಿಹೋಗಿದ್ದವು. ಹೆದರಿ ಕೋಟೆಗೆ ಓಡಿದ.

"ನನ್ನ ಮುಖ ನನಗೆ ಕೊಡು."

ಧೂಮಕ ನಕ್ಕ. "ನಾನೇನು ಕಿತ್ತುಕೊಂಡೆನೇ? ನಿನ್ನಲ್ಲಿ ಬೇರೆಯವರನ್ನು ಕಾಣುವ ಮೂವರ ಎದುರು ಕಾಡಿಗೆ ಒರೆಸಿಕೋ. 'ನಾನು ಅವನಲ್ಲ' ಅನ್ನು. ದೀಪ ಆರುತ್ತದೆ, ಜೊತೆಗೆ ನಾನೂ. ಮೂರನೆಯವರ ಎದುರು ಈವರೆಗೆ ಯಾರೂ ಬಾಯಿ ಬಿಟ್ಟಿಲ್ಲ ಮಗನೇ!"

ಕೋಟೆ ಬಾಗಿಲಿನ ಮಾಯಾಹುಲಿ ಅವನನ್ನು ಕಳೆದುಹೋದ ಮರಿಯೆಂದು ನೆಕ್ಕಿತು. ಹಾಲಪ್ಪ ಹಣೆ ಒರೆಸಿಕೊಂಡ. "ನಾನು ನಿನ್ನ ಮರಿಯಲ್ಲ." ಹುಲಿ ಅವನ ಭುಜ ಸೀಳಿತು. ಕೊಲ್ಲಲು ಮನಸ್ಸಾಗದೆ ಗುಹೆಗೆ ಹೋಯಿತು. ಕಾಡಿಗೆ ಮತ್ತೆ ಹಣೆಯಲ್ಲಿ ಮೂಡಿತು.

ಅರಮನೆಯಲ್ಲಿ ರಾಜ ಅವನನ್ನು ತನ್ನ ಸತ್ತ ದಂಡನಾಯಕನೆಂದು ಅಪ್ಪಿಕೊಂಡ. ಹಾಲಪ್ಪ ಹಣೆ ಒರೆಸಿಕೊಂಡ. "ನಾನು ಅವನಲ್ಲ, ಪ್ರಭು. ಕತ್ತಿ ಹಿಡಿದು ಗೊತ್ತಿಲ್ಲ."

"ಈ ದರಿದ್ರನನ್ನು ಯಾರಯ್ಯಾ ಒಳಗೆ ಬಿಟ್ಟದ್ದು?" ಎಂದ ರಾಜ. ಭಟರು ಮೆಟ್ಟಿಲಿನಿಂದ ಉರುಳಿಸಿದರು. ಕಾಡಿಗೆ ಮತ್ತೆ ಮೂಡಿತು.

ಉಳಿದದ್ದು ಮನೆ.

"ಬಾ ನಿಂಗಾ, ರೊಟ್ಟಿ ಬಿಸಿ ಅದಾವು," ಎಂದಳು ಅವ್ವ. ಹಾಲಪ್ಪ ಕೂತು ತಿಂದ. ಸುಮ್ಮನಿದ್ದರೆ ಅವಳು ಹೀಗೇ ನಗುತ್ತಿರುತ್ತಾಳೆ.

"ಇನ್ನೊಂದು ಹಾಕ್ಲೇನೋ?"

ಹಾಲಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ. "ಅವ್ವಾ, ನಿಂಗಣ್ಣ ಹೊಳ್ಯಾಗ ಹೋದ. ನಾನು ಅವನಲ್ಲ. ನಾನು ಹಾಲ," ಎಂದು ಹಣೆ ಒರೆಸಿಕೊಂಡ.

ಅವಳ ಕೈಯಿಂದ ರೊಟ್ಟಿ ಬಿತ್ತು. "ಅವನನ್ನ ಇನ್ನೊಮ್ಮೆ ಕೊಂದ್ಯಲ್ಲೋ," ಎಂದು ಗೋಡೆಗೆ ಮುಖ ಮಾಡಿ ಅತ್ತಳು.

ಕೋಟೆಯಲ್ಲಿ ದೀಪ ಆರಿತು. ಮಾಯಾವಿ ಹೊಗೆಯಾಗಿ ಹೋದ. ಊರೂರಲ್ಲಿ ಜನರಿಗೆ ಅವರವರ ಮುಖ ಮರಳಿತು. ಗಂಡ ಹೆಂಡಿರು ಗುರುತಿಲ್ಲದವರಂತೆ ಒಬ್ಬರನ್ನೊಬ್ಬರು ನೋಡಿದರು.

ಹಾಲಪ್ಪ ಅಲ್ಲಾಡದೆ ಕೂತಿದ್ದ. ಸಂಜೆಯ ಹೊತ್ತಿಗೆ ಅವ್ವ ತಿರುಗಿದಳು. ಬಹಳ ಹೊತ್ತು ನೋಡಿದಳು.

"ಹಾಲಾ, ನಿನಗೆ ಗಡ್ಡ ಯಾವಾಗ ಬಂತೋ?"

ಆಮೇಲೆ ಹೊಳಲಾವತಿಯಲ್ಲಿ ಎಲ್ಲರೂ ಸುಖವಾಗಿದ್ದರು. ಆ ಮನೆಗೆ ಸುಖ ಬರಲು ಒಂದು ಮಳೆಗಾಲ ಹಿಡಿಯಿತು.